ಕತ್ತಲೆಗೆ ಶ್ರುತಿ ಕೂಡಿಸಿದವರು

ಹರೆಯದ ಮಕ್ಕಳಿರುವ ಮನೆಯಲ್ಲಿ ಮುಚ್ಚಿದ ಬಾಗಿಲಿನ ಒಳಗೊಂದು ಸಂಗೀತ, ಹೊರಗೊಂದು ಸಂಗೀತ ಇರುತ್ತದೆ. ಇದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ. ಇಟ್ಟಿಗೆಯ ಗೋಡೆಯಾಗಲಿ, ಮರದ ಬಾಗಿಲಾಗಲಿ ಹೆಚ್ಚು ಆವೃತ್ತಿಯ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಕಡಿಮೆ ಆವೃತ್ತಿಯದನ್ನು ಅಷ್ಟಾಗಿ ತಡೆಯಲಾರದು. ಆವೃತ್ತಿ ಎರಡು ಪಟ್ಟಾದಾಗಲೆಲ್ಲ ಗೋಡೆಯ ತಡೆ ಸುಮಾರು 6 ಡೆಸಿಬೆಲ್‌ನಷ್ಟು ಹೆಚ್ಚುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಹೀಗಾಗಿ ಒಳಗೆ ಕುಳಿತ ಹುಡುಗನಿಗೆ ಗಿಟಾರಿನ ಎಳೆ, ಹೆಣ್ಣುದನಿ, ಪಿಟೀಲಿನ ಛಾಯೆ ಎಲ್ಲವೂ ಕೇಳುತ್ತಿರುವಾಗ, ಹಜಾರದಲ್ಲಿ ಪತ್ರಿಕೆ ಓದುತ್ತಿರುವ ತಂದೆಗೆ ಕೇಳುವುದು ಧಡ್ ಧಡ್ ಎಂಬ ಗುದ್ದು ಮತ್ತು ಅದರ ಜೊತೆಗೊಂದು ಗುರುಗುಟ್ಟುವಿಕೆ. ಆಮೇಲೆ ಇಬ್ಬರೂ ಒಂದೇ ಹಾಡಿನ ಬಗ್ಗೆ ಜಗಳಕ್ಕೆ ನಿಲ್ಲುತ್ತಾರೆ.

ಇಂಥ ಜಗಳವೊಂದು ಕೆಲವು ತಿಂಗಳ ಹಿಂದೆ ನನ್ನ ಹತ್ತಿರ ಪಂಚಾಯಿತಿಗೆ ಬಂತು. ‘ಮೇಷ್ಟ್ರೇ, ನೀವಾದರೂ ಒಂದು ಮಾತು ಹೇಳಿ. ಲೆಕ್ಕದಲ್ಲಿ ತೊಂಬತ್ತಕ್ಕೆ ಕಡಿಮೆ ತೆಗೆದವನಲ್ಲ. ಈಗ ರಾತ್ರಿಯೆಲ್ಲ ದೆವ್ವದ ಹಾಡು ಹಾಕ್ಕೊಂಡು ಕೂತಿರ್ತಾನೆ’ ಎಂದರು ತಂದೆ. ಮಗ ಮಾತಾಡಲಿಲ್ಲ. ನಾನು ಕೇಳಿದ ಮೇಲೆ ಚೀಟಿಯೊಂದರಲ್ಲಿ ಧ್ವನಿಮುದ್ರಿಕೆಯ ಹೆಸರು ಬರೆದುಕೊಟ್ಟ: ‘ಗಾಥಿಕ್’, 1991. ವಿಜ್ಞಾನದ ಮೇಷ್ಟರು ಕೇಳದೆಯೇ ತೀರ್ಪು ಕೊಡುವುದು ಸರಿಯಲ್ಲವೆಂದು ಒಂದು ಭಾನುವಾರ ಅದನ್ನು ಮೂರು ಬಾರಿ ಕೇಳಿದೆ. ಮೊದಲನೆಯ ಬಾರಿ ತಂದೆಯ ಪಕ್ಷದಲ್ಲಿದ್ದೆ. ಮೂರನೆಯ ಬಾರಿ ಮುಗಿಯುವ ಹೊತ್ತಿಗೆ ನೋಟ್ ಪುಸ್ತಕದಲ್ಲಿ ನಾಲ್ಕು ಪುಟ ಬರೆದಿದ್ದೆ.

‘ಗಾಥಿಕ್’ ಮಾಡಿದ ತಂಡದ ಹೆಸರು ‘ಪ್ಯಾರಡೈಸ್ ಲಾಸ್ಟ್’. ಇಂಗ್ಲಿಷ್ ಎಂ.ಎ. ಓದಿದವರಿಗೆ ಬೆವರಿಳಿಸುವ ಮಿಲ್ಟನ್ ಮಹಾಕವಿಯ 1667ರ ಕಾವ್ಯದ ಹೆಸರನ್ನೇ ತಮಗೆ ಇಟ್ಟುಕೊಂಡವರು ಇವರು. ಉತ್ತರ ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರ್‌ಗೆ ಸೇರಿದ ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿ 1988ರಲ್ಲಿ ತಂಡ ಕೂಡಿತು. ಹಾಡುಗಾರ ನಿಕ್ ಹೋಮ್ಸ್, ಮುಖ್ಯ ಗಿಟಾರಿಗೆ ಗ್ರೆಗ್ ಮ್ಯಾಕಿಂಟಾಷ್, ಇನ್ನೊಂದು ಗಿಟಾರಿಗೆ ಆರನ್ ಏಡಿ, ಬೇಸ್ ಗಿಟಾರಿಗೆ ಸ್ಟೀಫನ್ ಎಡ್ಮಂಡ್‌ಸನ್, ಡ್ರಮ್ಸ್‌ಗೆ ಮ್ಯಾಥ್ಯೂ ಆರ್ಚರ್. 1990ರಲ್ಲಿ ‘ಲಾಸ್ಟ್ ಪ್ಯಾರಡೈಸ್’ ಎಂಬ ಮೊದಲ ಮುದ್ರಿಕೆ ತಂದು, ಮರುವರ್ಷವೇ ‘ಗಾಥಿಕ್’ ತಂದರು. ಪಕ್ಕದ ಡ್ಯೂಸ್‌ಬರಿಯ ಅಕಾಡೆಮಿ ಸ್ಟುಡಿಯೋದಲ್ಲಿ ಮುದ್ರಣ, ಪೀಸ್‌ವಿಲ್ ಎಂಬ ಸಣ್ಣ ಕಂಪನಿಯಿಂದ ಬಿಡುಗಡೆ. ಹತ್ತು ತುಣುಕುಗಳು, ಎಲ್ಲ ಸೇರಿ ಸುಮಾರು 39 ನಿಮಿಷ. ಹೋಮ್ಸ್ ಮತ್ತು ಮ್ಯಾಕಿಂಟಾಷ್‌ರಿಗೆ ಆಗ ಇಪ್ಪತ್ತರ ಆಸುಪಾಸು, ಅಂದರೆ ನಮ್ಮಲ್ಲಿ ಪದವಿಯ ಕೊನೆಯ ವರ್ಷದಲ್ಲಿರುವ ವಯಸ್ಸು. ಈ ಸಂಗತಿಯನ್ನು ತಂದೆತಾಯಂದಿರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಹ್ಯಾಲಿಫ್ಯಾಕ್ಸ್ ಉಣ್ಣೆಯ ಊರು. ಡೀನ್ ಕ್ಲಫ್ ಎಂಬ ಅಲ್ಲಿನ ರತ್ನಗಂಬಳಿ ಕಾರ್ಖಾನೆ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಗಂಬಳಿ ಕಾರ್ಖಾನೆಗಳಲ್ಲಿ ಒಂದಾಗಿತ್ತು. 1980ರ ದಶಕದ ಆರಂಭದಲ್ಲಿ ಅದು ಮುಚ್ಚಿತು. ಗಿರಣಿಗಳ ಹೊಗೆ ಕುಡಿದು ಕಪ್ಪಾದ ಕಲ್ಲಿನ ಕಟ್ಟಡಗಳು, ಊರಿನಾಚೆ ಮರಗಳಿಲ್ಲದ ಬೋಳು ಗುಡ್ಡಗಳು, ಬಿಡದೆ ಹನಿಯುವ ಮಳೆ. ಎಮಿಲಿ ಬ್ರಾಂಟೆ 1847ರಲ್ಲಿ ಪ್ರಕಟಿಸಿದ ‘ವುದರಿಂಗ್ ಹೈಟ್ಸ್’ ಕಾದಂಬರಿಯ ಗಾಳಿ ಬೀಸಿದ್ದು ಇದೇ ಸೀಮೆಯಲ್ಲಿ. ಆಕೆ ಬಾಳಿದ ಹಾವರ್ತ್ ಹಳ್ಳಿ ಹ್ಯಾಲಿಫ್ಯಾಕ್ಸ್‌ಗೆ ದೂರವೇನಲ್ಲ. ಹೀಗಾಗಿ ಈ ಹುಡುಗರು ಕತ್ತಲೆಯನ್ನು ಹುಡುಕಿಕೊಂಡು ಬೇರೆಲ್ಲಿಗೂ ಹೋಗಬೇಕಾಗಿರಲಿಲ್ಲ.

ಒಂದು ಬೈಗುಳದ ಪಯಣ

‘ಗಾಥಿಕ್’ ಎಂಬ ಪದಕ್ಕೇ ಒಂದು ಸೊಗಸಾದ ಚರಿತ್ರೆಯಿದೆ. ಗಾತ್ ಎಂಬುದು ಕ್ರಿ.ಶ. 410ರಲ್ಲಿ ರೋಮ್ ನಗರವನ್ನು ಸೂರೆಗೈದ ಜರ್ಮಾನಿಕ್ ಬುಡಕಟ್ಟಿನ ಹೆಸರು. ಅದಾಗಿ ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ ಇಟಲಿಯ ಪಂಡಿತರು, ಮುಖ್ಯವಾಗಿ ವಸಾರಿ, ಮಧ್ಯಯುಗದ ಮೊನಚು ಕಮಾನಿನ ಎತ್ತರದ ಚರ್ಚುಗಳನ್ನು ಕಂಡು ‘ಇದು ಕಾಡುಜನ ಗಾತ್‌ಗಳ ಕೆಲಸ’ ಎಂಬಂತೆ ಮೂಗುಮುರಿದರು. ಬೈಗುಳವೇ ಹೆಸರಾಗಿ ನಿಂತಿತು. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚನ್ನು ನೋಡಿದವರಿಗೆ ಈ ಶೈಲಿಯ ಪರಿಚಯವಿದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಆ ಕಟ್ಟಡ ಇದೇ ಶೈಲಿಯ ಮರುಹುಟ್ಟು. 1764ರಲ್ಲಿ ಹೊರೇಸ್ ವಾಲ್ಪೋಲ್ ಎಂಬಾತ ಪಾಳು ಕೋಟೆ, ಭೂತಪ್ರೇತಗಳ ಕಥೆಯೊಂದನ್ನು ಬರೆದು, ಅದರ ಎರಡನೆಯ ಮುದ್ರಣದಲ್ಲಿ ‘ಗಾಥಿಕ್ ಕಥೆ’ ಎಂದು ಕರೆದ. ಪದ ಕಟ್ಟಡದಿಂದ ಸಾಹಿತ್ಯಕ್ಕೆ ಇಳಿಯಿತು. 1980ರ ಸುಮಾರಿಗೆ ಹ್ಯಾಲಿಫ್ಯಾಕ್ಸ್ ನೆರೆಯ ಲೀಡ್ಸ್ ನಗರದ ‘ಸಿಸ್ಟರ್ಸ್ ಆಫ್ ಮರ್ಸಿ’ಯಂಥ ತಂಡಗಳ ವಿಷಣ್ಣ ರಾಕ್ ಸಂಗೀತಕ್ಕೆ ಅದೇ ಹೆಸರು ಅಂಟಿಕೊಂಡಿತು. ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತಕ್ಕೂ ಈ ಪದಕ್ಕೂ ಗಂಟು ಹಾಕಿದ್ದು ಮಾತ್ರ ಪ್ಯಾರಡೈಸ್ ಲಾಸ್ಟ್‌ನ ಈ ಮುದ್ರಿಕೆ. ‘ಗಾಥಿಕ್ ಮೆಟಲ್’ ಎಂದು ಇಂದು ಕರೆಯುವ ಪ್ರಕಾರ ತನ್ನ ಹೆಸರನ್ನು ಇಲ್ಲಿಂದಲೇ ಪಡೆಯಿತೆನ್ನಬಹುದು.

ಸಡಿಲ ತಂತಿಯ ಗಣಿತ

ಈ ಸಂಗೀತದ ಭಾರ ಎಲ್ಲಿಂದ ಬಂತು? ಅದಕ್ಕೆ ಬರ್ಮಿಂಗ್‌ಹ್ಯಾಮ್‌ಗೆ ಹೋಗಬೇಕು. 1965ರಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಟೋನಿ ಅಯೋಮಿ ಎಂಬ 17ರ ಹುಡುಗನ ಬಲಗೈಯ ಎರಡು ಬೆರಳ ತುದಿಗಳು ಯಂತ್ರಕ್ಕೆ ಸಿಕ್ಕಿ ಹೋದವು. ಎಡಚನಾದ ಅವನಿಗೆ ಗಿಟಾರಿನ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಮುಂದೆ ತಂತಿಯನ್ನೂ ಸಡಿಲಿಸಿದ. ಅವನ ತಂಡ ‘ಬ್ಲ್ಯಾಕ್ ಸಬ್ಬತ್’ 1971ರ ಮುದ್ರಿಕೆಯ ಹೊತ್ತಿಗೆ ಕೆಲವು ಹಾಡುಗಳಲ್ಲಿ ತಂತಿಗಳನ್ನು ಮೂರು ಅರ್ಧಸ್ವರದಷ್ಟು ಕೆಳಗಿಳಿಸಿತ್ತು.

ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲ್ ಹಿಡಿಯಬಹುದು. ತಂತಿಯ ಆವೃತ್ತಿ ಅದರ ಎಳೆತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಗಿಟಾರಿನ ಅತಿ ದಪ್ಪ ತಂತಿ ಸಾಮಾನ್ಯವಾಗಿ ಸೆಕೆಂಡಿಗೆ 82.4 ಬಾರಿ ಕಂಪಿಸುತ್ತದೆ. ಮೂರು ಅರ್ಧಸ್ವರ ಇಳಿಸಿದರೆ ಅದು 69.3 ಆಗುತ್ತದೆ. ಆವೃತ್ತಿ ಇಳಿದದ್ದು ಶೇ. 16ರಷ್ಟು, ಆದರೆ ಎಳೆತ ಇಳಿದದ್ದು ಶೇ. 29ರಷ್ಟು. ನೊಂದ ಬೆರಳಿಗೆ ಸುಖ, ಕೇಳುವ ಕಿವಿಗೆ ಭಾರ. ಎಳೆತವನ್ನು ಸರಿಯಾಗಿ ಅರ್ಧಕ್ಕೆ ತಂದರೆ ಆವೃತ್ತಿ 0.707 ಪಟ್ಟಾಗುತ್ತದೆ, ಅಂದರೆ ಎರಡರ ವರ್ಗಮೂಲದಿಂದ ಭಾಗಿಸಿದಂತೆ. ಎರಡು ಸ್ವರಗಳ ನಡುವಿನ ಈ ಅಂತರಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ‘ಟ್ರೈಟೋನ್’ ಎಂದು ಹೆಸರು. ಬ್ಲ್ಯಾಕ್ ಸಬ್ಬತ್ 1970ರಲ್ಲಿ ತನ್ನ ಮೊದಲ ಮುದ್ರಿಕೆಯ ಮೊದಲ ಹಾಡನ್ನು ಕಟ್ಟಿದ್ದು ಈ ಅಂತರದ ಮೇಲೆಯೇ, ಕೇಳಿದವರಿಗೆ ಮೈ ಜುಂ ಎನ್ನುವಂತೆ.

ಯೂರೋಪಿನಲ್ಲಿ ಇದಕ್ಕೆ ‘ಸಂಗೀತದೊಳಗಿನ ಪಿಶಾಚಿ’ ಎಂಬ ಅಡ್ಡಹೆಸರಿದೆ. ಮಧ್ಯಯುಗದ ಚರ್ಚು ಇದನ್ನು ನಿಷೇಧಿಸಿತ್ತು ಎಂಬ ಕಥೆ ಎಲ್ಲೆಡೆ ಓಡಾಡುತ್ತಿದೆಯಾದರೂ ಅದಕ್ಕೆ ಆಧಾರವಿಲ್ಲ. ನಮ್ಮ ಸಂಗೀತದಲ್ಲಿ ಇದೇ ಅಂತರ ಷಡ್ಜದಿಂದ ಪ್ರತಿಮಧ್ಯಮಕ್ಕಿದೆ. 72 ಮೇಳಕರ್ತ ರಾಗಗಳಲ್ಲಿ 36ಕ್ಕೆ ಪ್ರತಿಮಧ್ಯಮವೇ ಗತಿ, ಕಲ್ಯಾಣಿ ಅವುಗಳಲ್ಲೊಂದು. ಹ್ಯಾಲಿಫ್ಯಾಕ್ಸ್‌ನವರಿಗೆ ಪಿಶಾಚಿಯಾದದ್ದು ನಮಗೆ ಹೆಸರಿನಲ್ಲೇ ಮಂಗಳವಾಗಿದೆ! ಭಯ ಆ ಎರಡು ಸ್ವರಗಳಲ್ಲಿಲ್ಲ, ಅವುಗಳ ಸುತ್ತ ಏನನ್ನು ಇಡುತ್ತೇವೆ ಎಂಬುದರಲ್ಲಿದೆ.

‘ಗಾಥಿಕ್’ನಲ್ಲಿ ಸುತ್ತ ಇಟ್ಟಿರುವುದು ಏನೆಂದರೆ, ಮೊದಲನೆಯದಾಗಿ ಒಡಕು ದನಿಯ ಗಿಟಾರು. ಕಾರ್ಯಕ್ರಮದ ಮೈಕು ಕೆಟ್ಟಾಗ ಬರುವ ಗರಗರ ಇಲ್ಲಿ ಬೇಕೆಂದೇ ಮಾಡಿದ್ದು. ಆಂಪ್ಲಿಫೈಯರಿಗೆ ಅದರ ಶಕ್ತಿ ಮೀರಿದ ಸಂಕೇತ ಕೊಟ್ಟರೆ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಹಾಗೆ ಕತ್ತರಿಸಿದ ಅಲೆಯಲ್ಲಿ ಮೂಲ ಆವೃತ್ತಿಯ ಮೂರು ಪಟ್ಟು, ಐದು ಪಟ್ಟು, ಹೀಗೆ ಹೊಸ ಅಧಿಸ್ವರಗಳು ಹುಟ್ಟಿಕೊಳ್ಳುತ್ತವೆ. ಇನ್ನೂ ಸ್ವಾರಸ್ಯವಿದೆ. ಎರಡು ಸ್ವರಗಳನ್ನು ಒಟ್ಟಿಗೆ ಮೀಟಿದಾಗ ಇಂಥ ಮಂಡಲದಲ್ಲಿ ಅವುಗಳ ಮೊತ್ತದ ಮತ್ತು ವ್ಯತ್ಯಾಸದ ಆವೃತ್ತಿಗಳೂ ಹುಟ್ಟುತ್ತವೆ. ತಂಬೂರಿಯ ಸ-ಪ ಜೋಡಿಯನ್ನೇ ತೆಗೆದುಕೊಳ್ಳಿ: 110 ಮತ್ತು 165 ಹರ್ಟ್ಸ್. ವ್ಯತ್ಯಾಸ 55, ಅಂದರೆ ಯಾರೂ ಮೀಟದ ಮಂದ್ರ ಷಡ್ಜ. ಮೆಟಲ್ ಗಿಟಾರಿಗರು ಈ ಸ-ಪ ಜೋಡಿಗೆ ಜೋತುಬಿದ್ದಿರುವುದಕ್ಕೆ ಕಾರಣ ಇದೇ. ಬೇರೆ ಜೋಡಿಗಳನ್ನು ಹಾಕಿದರೆ ಒಡಕು ದನಿಯಲ್ಲಿ ಕಲಸುಮೇಲೋಗರವಾಗುತ್ತದೆ, ಸ-ಪ ಮಾತ್ರ ನೆಲಮಾಳಿಗೆಯಿಂದ ಎದ್ದುಬಂದಂತೆ ತುಂಬಿಕೊಳ್ಳುತ್ತದೆ.

ಈ ನೆಲಮಾಳಿಗೆಯ ಕೆಲಸ ಏಡಿಯದು. ಅದರ ಮೇಲೆ ಮ್ಯಾಕಿಂಟಾಷ್ ಒಂಟಿ ತಂತಿಯಲ್ಲಿ ಒಂದು ರಾಗವನ್ನು ಎಳೆದುಕೊಂಡು ಹೋಗುತ್ತಾನೆ. ತೀರ ನಿಧಾನ, ಒಂದೊಂದು ಸ್ವರವನ್ನೂ ಹಿಡಿದು, ತಂತಿಯನ್ನು ಪಕ್ಕಕ್ಕೆ ತಳ್ಳಿ ಜಾರಿಸುತ್ತಾ. ವೀಣೆಯಲ್ಲಿ ಗಮಕ ಕೇಳಿ ಬೆಳೆದ ಕಿವಿಗೆ ಇದು ಪರಕೀಯವೆನಿಸಲಾರದು. ಸಾಮಾನ್ಯ ಗಿಟಾರಿನ ಸ್ವರ ಮೀಟಿದ ಕ್ಷಣಕ್ಕೆ ಮೇಲೆದ್ದು ಬೇಗ ಕುಗ್ಗುತ್ತದೆ. ಒಡಕು ದನಿಯಲ್ಲಿ ಅಲೆಯ ನೆತ್ತಿ ಮೊದಲೇ ಕತ್ತರಿಸಿರುವುದರಿಂದ ಕುಗ್ಗುವಿಕೆ ಬಹಳ ಹೊತ್ತು ಕಿವಿಗೆ ತಿಳಿಯುವುದೇ ಇಲ್ಲ, ಪಿಟೀಲಿನ ಕಮಾನು ಎಳೆದಂತೆ ಸ್ವರ ನಿಲ್ಲುತ್ತದೆ. ನನ್ನನ್ನು ಕೇಳಿದರೆ ಈ ಮುದ್ರಿಕೆಯ ನಿಜವಾದ ಹಾಡುಗಾರ ಈ ಗಿಟಾರೇ. ಮಾತಿನಲ್ಲಿ ಹೇಳಲಾಗದೆ ಉಳಿದದ್ದನ್ನೆಲ್ಲ ಅದು ಹೇಳುತ್ತದೆ.

ಇನ್ನು ತಂದೆಯವರ ‘ದೆವ್ವ’. ನಿಕ್ ಹೋಮ್ಸ್ ಇಲ್ಲಿ ಹಾಡುವುದು ಗಂಟಲಾಳದ ಗರ್ಜನೆಯಲ್ಲಿ. ನಮ್ಮ ಗಂಟಲಿನಲ್ಲಿ ಧ್ವನಿತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಮಾತಾಡುವಾಗ ಅವು ಸುಮ್ಮನಿರುವುದರಿಂದ ‘ಸುಳ್ಳು ಧ್ವನಿತಂತು’ಗಳೆಂದು ಹೆಸರು. ಗರ್ಜಿಸುವಾಗ ಅವೂ ಹತ್ತಿರ ಬಂದು ಅಡ್ಡಾದಿಡ್ಡಿಯಾಗಿ ಕಂಪಿಸುತ್ತವೆ. ಇದೇ ಮಡಿಕೆಗಳನ್ನು ಕ್ರಮಬದ್ಧವಾಗಿ, ಧ್ವನಿತಂತುಗಳ ಅರ್ಧ ವೇಗದಲ್ಲಿ ಕಂಪಿಸುವಂತೆ ಪಳಗಿಸಿದರೆ ಒಂದು ಸ್ಥಾಯಿ ಕೆಳಗಿನ ದನಿ ಹೊರಡುತ್ತದೆ. ಟಿಬೆಟನ್ ತಾಂತ್ರಿಕ ಭಿಕ್ಷುಗಳ ಮಂತ್ರಪಠಣದ ರಹಸ್ಯ ಅದು. ಆ ಪರಂಪರೆಯ ಗ್ಯೂಮೇ ವಿಹಾರ ನಮ್ಮ ಹುಣಸೂರು ತಾಲ್ಲೂಕಿನ ಗುರುಪುರದಲ್ಲೇ ಇದೆ. ಅಲ್ಲಿ ಆ ಪಠಣ ಕೇಳಿದವರು ಕೈಮುಗಿಯುತ್ತಾರೆಯೇ ಹೊರತು ದೆವ್ವವೆಂದು ಓಡುವುದಿಲ್ಲ. ಹಾಗೆಂದು ಹುಡುಗರು ಬಚ್ಚಲುಮನೆಯಲ್ಲಿ ಹೋಮ್ಸ್‌ನನ್ನು ಅನುಕರಿಸಲು ಹೊರಡಬೇಡಿ. ಉಸಿರಿನ ಹಿಡಿತವಿಲ್ಲದೆ ಗಂಟಲು ಬಿಗಿದು ಕಿರುಚಿದರೆ ದನಿಯೇ ಕೆಟ್ಟೀತು.

ಶೀರ್ಷಿಕೆ ಹಾಡಿನಲ್ಲಿ ಈ ಗರ್ಜನೆಯ ಪಕ್ಕಕ್ಕೆ ಸಾರಾ ಮ್ಯಾರಿಯನ್ ಎಂಬಾಕೆಯ ಸ್ವಚ್ಛ ಹೆಣ್ಣುದನಿ ಬರುತ್ತದೆ. ಹಿಂದೆ ವಾದ್ಯವೃಂದದ ಉದ್ದುದ್ದ ಸ್ವರಗಳು. ಆಕೆ ಹೋಮ್ಸ್‌ಗೆ ಉತ್ತರವನ್ನೂ ಕೊಡುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ಪಾಳುಬಿದ್ದ ಕಟ್ಟಡದ ಮೇಲ್ಗಡೆ ಕಿಟಕಿಯಲ್ಲಿ ಬೆಳಕು ಕಂಡು ಆರಿದ ಹಾಗೆ ಬಂದು ಹೋಗುತ್ತಾಳೆ. ಇಂಥ ಜೋಡಣೆಯನ್ನು ಮೊದಲು ಮಾಡಿದವರು ಇವರೇ ಎನ್ನುವುದು ತಪ್ಪು. ಸ್ವಿಟ್ಜರ್ಲೆಂಡಿನ ‘ಸೆಲ್ಟಿಕ್ ಫ್ರಾಸ್ಟ್’ ತಂಡ 1987ರಲ್ಲಿಯೇ ಹೆಣ್ಣುದನಿ, ವಾದ್ಯವೃಂದಗಳನ್ನು ಮೆಟಲ್‌ಗೆ ಬೆರೆಸಿತ್ತು. ಆದರೆ ಅಲ್ಲಿ ಅದು ಹತ್ತರಲ್ಲಿ ಒಂದು ಪ್ರಯೋಗವಾಗಿತ್ತು, ಇಲ್ಲಿ ಮುದ್ರಿಕೆಯ ಬಾಗಿಲು ತೆರೆಯುವುದೇ ಹಾಗೆ. 1995ರಲ್ಲಿ ನಾರ್ವೆಯ ‘ಥಿಯೇಟರ್ ಆಫ್ ಟ್ರಾಜಿಡಿ’ ಗರ್ಜನೆ ಮತ್ತು ಹೆಣ್ಣುದನಿಯ ಸಂವಾದವನ್ನೇ ತನ್ನ ಬಂಡವಾಳ ಮಾಡಿಕೊಂಡಿತು. ಅದಾದ ಮೇಲೆ ಅದೊಂದು ರೂಢಿಯೇ ಆಗಿ, ಸ್ವಲ್ಪ ಸವೆದೂ ಹೋಯಿತು.

ಕುಂದುಗಳನ್ನೂ ಹೇಳಿಬಿಡುತ್ತೇನೆ. ಮುದ್ರಣ ಮಬ್ಬು, ಡ್ರಮ್ಸು ಕಂಬಳಿಯಡಿಯಿಂದ ಬಾರಿಸಿದ ಹಾಗಿದೆ. ನಡುವಿನ ಒಂದೆರಡು ಹಾಡುಗಳು ಒಂದರ ನೆರಳಿನಂತೆ ಇನ್ನೊಂದು ಬರುತ್ತವೆ. ಹಾಡಿನ ಮಾತುಗಳಲ್ಲಿ ಇಪ್ಪತ್ತರ ಹರೆಯದ ಅತಿರೇಕವಿದೆ, ಎಲ್ಲವೂ ನಾಶ, ಎಲ್ಲವೂ ಶಾಶ್ವತ. ಆದರೂ ಆ ಮಬ್ಬೇ ಒಂದು ಬಗೆಯಲ್ಲಿ ಅನುಕೂಲವಾಗಿದೆಯೋ ಏನೋ. ಮಂಜಿನಲ್ಲಿ ಕಟ್ಟಡದ ಅಂಚು ಕಾಣದಿದ್ದರೆ ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದಲ್ಲ, ಹಾಗೆ.

ತಂದೆ ಮಗ ಇಬ್ಬರನ್ನೂ ಒಂದು ಸಂಜೆ ಮನೆಗೆ ಕರೆದೆ. ಬಾಗಿಲು ತೆರೆದಿಟ್ಟು, ಸಾಧಾರಣ ಸದ್ದಿನಲ್ಲಿ, ಐದು ನಿಮಿಷದಷ್ಟಿರುವ ಶೀರ್ಷಿಕೆ ಹಾಡೊಂದನ್ನೇ ಹಾಕಿದೆ. ಮುಗಿದ ಮೇಲೆ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಹೆಣ್ಮಗಳು ಹಾಡೋದು ಚೆನ್ನಾಗೇ ಇದೆ. ಈ ಮನುಷ್ಯ ಯಾಕೆ ಹಾಗೆ ಮಾಡ್ತಾನೆ?’ ಎಂದರು. ಮಗ ಮೊದಲ ಬಾರಿಗೆ ನಕ್ಕ. ‘ನಿನಗೆ ಇದರಲ್ಲಿ ಏನು ಹಿಡಿಸಿತಪ್ಪಾ?’ ಎಂದು ಕೇಳಿದೆ. ‘ಮೇಲಿನ ಗಿಟಾರ್, ಸರ್’ ಎಂದ. ಆಮೇಲೆ ತಂದೆಯ ಕಡೆ ನೋಡದೆ, ‘ತಾತ ಹೋದ ಮೇಲೆ ಮನೇಲಿ ಯಾರೂ ಅವರ ಮಾತೇ ಎತ್ತಲ್ಲ ಸರ್. ಇದು ಕೇಳ್ತಿದ್ರೆ ಯಾರೋ ಜೊತೇಲಿ ಕೂತಿರೋ ಹಾಗಿರುತ್ತೆ’ ಎಂದ. ತಂದೆ ಕನ್ನಡಕ ತೆಗೆದು ಒರೆಸಿಕೊಂಡರು. ತಾತ ಎಂದರೆ ಅವರ ತಂದೆ. ನಾನು ಕಾಫಿ ತರುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಭರತಮುನಿ ಎಣಿಸಿದ ಎಂಟು ರಸಗಳಲ್ಲಿ ಕರುಣ, ಭಯಾನಕ, ಬೀಭತ್ಸಗಳಿಗೂ ಜಾಗವಿದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಚಂದ್ರಮತಿ ಮಗನ ಹೆಣದ ಮುಂದೆ ಅಳುವುದನ್ನು ಓದಿಸಿ, ಅದರ ಮೇಲೆ ಐದು ಅಂಕದ ಪ್ರಶ್ನೆ ಕೇಳುವವರು ನಾವೇ. ದುಃಖದ ಸಂಗೀತ ಕೇಳುತ್ತಾನೆಂದ ಮಾತ್ರಕ್ಕೆ ಮಗ ಕೆಟ್ಟನೆಂದು ತಿಳಿಯಬೇಕಾಗಿಲ್ಲ. ಊಟ ನಿದ್ದೆಗಳು ತಪ್ಪಿವೆಯೇ, ಗೆಳೆಯರಿಂದ ದೂರ ಸರಿಯುತ್ತಿದ್ದಾನೆಯೇ, ಬದುಕಿ ಏನು ಎಂಬಂಥ ಮಾತು ಬರುತ್ತಿದೆಯೇ ಎಂದು ನೋಡಬೇಕು. ಹಾಗಿದ್ದಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು, ಅವನು ಕೇಳುತ್ತಿರುವುದು ಭಾವಗೀತೆಯೇ ಆಗಿದ್ದರೂ ಸರಿ.

ಕತ್ತಲೆಯ ಹಾಡು ಕಟ್ಟಿದ ಆ ಹುಡುಗರ ಗತಿ ಏನಾಯಿತು ಎಂದು ಕೆಲವು ತಾಯಂದಿರಾದರೂ ಕೇಳಿಯೇ ಕೇಳುತ್ತಾರೆ. 1993ರ ‘ಐಕಾನ್’, 1995ರ ‘ಡ್ರಕೋನಿಯನ್ ಟೈಮ್ಸ್’ ಮುದ್ರಿಕೆಗಳು ಅವರನ್ನು ಯೂರೋಪಿನಾದ್ಯಂತ ಪ್ರಸಿದ್ಧಗೊಳಿಸಿದವು. ಅಷ್ಟರಲ್ಲಿ ಹೋಮ್ಸ್ ಗರ್ಜನೆ ಬಿಟ್ಟು ಬಾಯ್ತುಂಬ ಹಾಡತೊಡಗಿದ್ದ. ಎರಡು ದಶಕಗಳ ಮೇಲೆ, 2015ರ ಮುದ್ರಿಕೆಯಲ್ಲಿ ಗರ್ಜನೆಗೆ ಮರಳಿದ. 2014ರಲ್ಲಿ ಬಲ್ಗೇರಿಯದ ಪ್ಲೋವ್ಡಿವ್ ನಗರದ ಪುರಾತನ ರೋಮನ್ ರಂಗಮಂದಿರದಲ್ಲಿ, ತೆರೆದ ಆಕಾಶದ ಕೆಳಗೆ, ವಾದ್ಯವೃಂದ ಮತ್ತು ವೃಂದಗಾಯಕರೊಡನೆ ಕಛೇರಿ ಕೊಟ್ಟರು. ಡ್ರಮ್ಸ್ ಬಾರಿಸುವವರು ಮಾತ್ರ ಬದಲಾಗುತ್ತ ಹೋದರು. ಹೋಮ್ಸ್, ಮ್ಯಾಕಿಂಟಾಷ್, ಏಡಿ, ಎಡ್ಮಂಡ್‌ಸನ್ ಈ ನಾಲ್ವರು 2025ರಲ್ಲಿ ‘ಅಸೆನ್ಷನ್’ ಎಂಬ ಮುದ್ರಿಕೆ ತಂದಾಗಲೂ ಜೊತೆಗೇ ಇದ್ದರು. 37 ವರ್ಷ ಒಟ್ಟಿಗೆ ಕೆಲಸ ಮಾಡುವುದು ನಮ್ಮ ಸ್ಟಾಫ್ ರೂಮುಗಳಲ್ಲಿಯೂ ಸುಲಭವಲ್ಲ.

ಕೇಳುವ ಆಸೆಯಾದವರಿಗೆ ಎರಡು ಸೂಚನೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಇದನ್ನು ಕೇಳಬೇಡಿ. 70-80 ಹರ್ಟ್ಸ್‌ನ ಸ್ವರಗಳನ್ನು ಹೊರಡಿಸುವ ಶಕ್ತಿ ಅದಕ್ಕಿಲ್ಲ. ಮೇಲಿನ ಅಧಿಸ್ವರಗಳಿಂದ ಮಿದುಳು ಮೂಲ ಸ್ವರವನ್ನು ಊಹಿಸಿಕೊಳ್ಳುತ್ತದೆ ನಿಜ, ಆದರೆ ಊಹಿಸಿದ ಭಾರ ಎದೆಗೆ ತಾಗುವುದಿಲ್ಲ. ಇನ್ನು ಇಯರ್‌ಫೋನಿನ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, ಮಕ್ಕಳಿಗೆ ಅದೇ ಅವಧಿಗೆ 75 ಡೆಸಿಬೆಲ್ ಮಿತಿ. ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಅವಧಿ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಹೀಗೆಯೇ ಅರ್ಧಿಸುತ್ತ ಹೋಗಿ. 98 ಡೆಸಿಬೆಲ್‌ಗೆ ಉಳಿಯುವುದು ಮೂವತ್ತೇಳೂವರೆ ನಿಮಿಷ. ಅಷ್ಟು ಜೋರಾಗಿ ಹಾಕಿದರೆ, ‘ಡೆಸೊಲೇಟ್’ ಎಂಬ ಈ ಮುದ್ರಿಕೆಯ ಕೊನೆಯ ಪುಟ್ಟ ತುಣುಕಿನ ಹೊತ್ತಿಗೆ ದೊಡ್ಡವರ ಕಿವಿಯ ಒಂದು ವಾರದ ಪಾಲು ಮುಗಿದುಹೋಗಿರುತ್ತದೆ.